ಜೀಪಿನ ಕೆಳಗಿನ ಕಲೆ

ಆ ಮಧ್ಯಾಹ್ನ ಚಿಕ್ಕಪ್ಪ ಜೀಪನ್ನು ಮುಟ್ಟಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮುಟ್ಟಿದ್ದನ್ನು ನೋಡಿದ ನೆನಪೇನೋ ಇದೆ. ಊಟದ ಹೊತ್ತು, ಅಂಗಳದಲ್ಲಿ ಯಾರೂ ಇಲ್ಲ, ಎತ್ತಿ ನಿಲ್ಲಿಸಿದ ಬಾನೆಟ್ಟಿನೊಳಕ್ಕೆ ಅವನ ಬಲಗೈ ಮೊಣಕೈವರೆಗೆ ಇಳಿದಿದೆ, ಮುಖ ಮಾತ್ರ ಮನೆಯ ಬಾಗಿಲ ಕಡೆ ತಿರುಗಿದೆ. ಈ ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂದರೆ ಅದರ ಸ್ಪಷ್ಟತೆಯ ಮೇಲೇ ನನಗೆ ಅನುಮಾನ. ಏಕೆಂದರೆ ಅದೇ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಮುದ್ದೆಯ ತಟ್ಟೆಯ ಮುಂದೆ ಕೂತಿದ್ದೆ ಎಂಬ ನೆನಪೂ ಅಷ್ಟೇ ಸ್ಪಷ್ಟವಾಗಿದೆ. ನಮ್ಮ ಅಡುಗೆಮನೆಯಿಂದ ಅಂಗಳ ಕಾಣುತ್ತಿರಲಿಲ್ಲ. ನಡುವೆ ಪಡಸಾಲೆ, ಪಡಸಾಲೆಯ ತುಂಬ ರಾಗಿ ಮೂಟೆ. ಮೈಸೂರಿನಲ್ಲಿ ಓದುವಾಗ ನಮ್ಮ ಮೇಷ್ಟರೊಬ್ಬರು, ಯಾವ ಸಾಕ್ಷಿಯೇ ಆಗಲಿ ಅವನು ಏನು ಕಂಡ ಎಂದು ಕೇಳುವ ಮೊದಲು ಎಲ್ಲಿ ನಿಂತಿದ್ದ ಎಂದು ಕೇಳಬೇಕು ಎನ್ನುತ್ತಿದ್ದರು. ನನ್ನನ್ನು ನಾನು ಕೇಳಿಕೊಂಡಾಗಲೆಲ್ಲ ನಾನು ಎರಡು ಕಡೆ ಇರುತ್ತೇನೆ. ಮುಂದೆ ಮನೆಯಲ್ಲಿ ನಡೆದ ಜಗಳದಲ್ಲಿ ಅಜ್ಜಿ ಆ ಕೈಯ ಮಾತನ್ನು ಎಷ್ಟು ಸಲ ಆಡಿದಳೋ, ಅದರಿಂದಲೇ ಆ ಕೈ ನನ್ನ ಕಣ್ಣಿನೊಳಗೆ ಬಂದು ಸೇರಿಕೊಂಡಿರಬಹುದು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಕೇಳಿದ್ದು ಎಂದು ಬೇರೆ ಮಾಡಿ ಕೊಡಲಾರೆ.

ಕೆ.ಆರ್. ಪೇಟೆಯಿಂದ ಹೇಮಗಿರಿಯ ಕಡೆ ಹೋಗುವ ದಾರಿಯಲ್ಲಿ ನಾಲೆಯ ಏರಿ ಹತ್ತಿ ಇಳಿದರೆ ನಮ್ಮೂರು. ಮಳೆ ಹಿಡಿಯಿತೆಂದರೆ ಆ ಏರಿಯ ಕಪ್ಪು ಮಣ್ಣು ಕಾಲಿಗೆ ಅಂಟಿ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು. ಬಾಡಿಗೆ ಕಾರಿನವರು ಆಚೆ ಬದಿಯಲ್ಲೇ ನಿಲ್ಲಿಸಿ, ರೋಗಿಯನ್ನು ಹೊತ್ತು ತನ್ನಿ ಎನ್ನುತ್ತಿದ್ದರು. ಏರಿಯನ್ನು ಎಲ್ಲ ಕಾಲದಲ್ಲೂ ಹತ್ತುತ್ತಿದ್ದದ್ದು ನಮ್ಮ ಡೀಸೆಲ್ ಜೀಪು ಒಂದೇ. ಯಾವುದೋ ಇಲಾಖೆಯ ಹರಾಜಿನಲ್ಲಿ ಅಪ್ಪ ತಂದದ್ದು. ಗೇರಿನ ಪಕ್ಕದ ಇನ್ನೊಂದು ಗಿಡ್ಡ ಕೋಲನ್ನು ಎಳೆದರೆ ಮುಂದಿನ ಗಾಲಿಗಳೂ ಎಳೆಯತೊಡಗುತ್ತಿದ್ದವು, ಆಗ ಜೀಪು ಕೆಸರಿನಲ್ಲಿ ಎಮ್ಮೆಯ ಹಾಗೆ ನಿಧಾನವಾಗಿ, ಗುರುಗುಟ್ಟುತ್ತ ಮೇಲೇರುತ್ತಿತ್ತು. ಅದು ನಿಲ್ಲುತ್ತಿದ್ದದ್ದು ಕೊಟ್ಟಿಗೆಗೆ ತಗುಲಿದಂತೆ, ಅಂಗಳದ ಒಂದು ಮೂಲೆಯಲ್ಲಿ. ನನಗೆ ಚಿಕ್ಕಂದಿನ ಮನೆ ಎಂದರೆ ಮೊದಲು ಬರುವುದು ಸಗಣಿಯ ವಾಸನೆಯೊಳಗೆ ಕಲಸಿಕೊಂಡ ಡೀಸೆಲ್ಲಿನ ವಾಸನೆ.

ಮನೆಯಲ್ಲಿ ಆಳುತ್ತಿದ್ದವಳು ಅಜ್ಜಿ, ಅಪ್ಪನ ಅವ್ವ. ಅಪ್ಪ ಬಿಂಡಿಗನವಿಲೆಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು ಶನಿವಾರ ಊರಿಗೆ ಬರುತ್ತಿದ್ದ. ಬಂದ ರಾತ್ರಿ ಊಟಕ್ಕೆ ಕೂತರೆ ಗ್ರಹಣ ಹೇಗಾಗುತ್ತದೆ, ಹಲ್ಲಿ ಲೊಚಗುಟ್ಟುವುದು ಯಾಕೆ ಎಂದು ಶುರುವಾಗುತ್ತಿತ್ತು. ಅಜ್ಜಿ ಬಸ್ಸಾರು ಬಡಿಸುತ್ತ "ಉಣ್ಣೋವಾಗ ಪಾಠ ಬ್ಯಾಡ ಕಣ್ಲಾ, ಮುದ್ದೆ ಆರೋಯ್ತದೆ" ಎನ್ನುತ್ತಿದ್ದಳು. ಜೀಪನ್ನು ಓಡಿಸುತ್ತಿದ್ದವನೂ ರಿಪೇರಿ ಮಾಡುತ್ತಿದ್ದವನೂ ಚಿಕ್ಕಪ್ಪ ಸಿದ್ದ. ತಮಾಷೆಯ ಮನುಷ್ಯ. ತನಗೆ ಗೊತ್ತಿಲ್ಲದ್ದನ್ನೂ ಗೊತ್ತಿದೆ ಎಂದೇ ಮಾಡುತ್ತಿದ್ದ, ಒಂದು ಸಲ ಬ್ರೇಕು ಬಿಚ್ಚಿ ಜೋಡಿಸಿ ಜೀಪನ್ನು ತಿಪ್ಪೆಗೆ ಗುದ್ದಿದ್ದ. ಆದರೂ ಆ ಜೀಪು ಅವನ ಕೈಯ ಮಾತು ಕೇಳುತ್ತಿತ್ತು. ಅವನ ಹೆಂಡತಿ ಜಯ ಚಿಕ್ಕಮ್ಮ ಪಾಂಡವಪುರದವಳು. ಅವಳಿಗೆ ಹಿಂದೆ ಬಸುರು ನಿಂತಂತಾಗಿ ಹೋಗಿತ್ತು, ಒಂದಕ್ಕಿಂತ ಹೆಚ್ಚು ಸಲ. ಈ ಸಲ ನಿಂತಿತ್ತು, ತಿಂಗಳು ತುಂಬುತ್ತಿತ್ತು. ಮನೆಯೆಲ್ಲ ಅವಳ ಸುತ್ತ ಕಾಲ ತುದಿಯ ಮೇಲೆ ಓಡಾಡುತ್ತಿತ್ತು.

ಬಸುರಿಯ ಗಂಡ ಕುಂಬಳಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಗೂಟ ಹೊಡೆಯಬಾರದು ಎಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಅಜ್ಜಿ ಹಿಂದಿನ ನೋವುಗಳನ್ನು ನೆನೆದು ಅದನ್ನು ಇನ್ನಷ್ಟು ಬಿಗಿ ಮಾಡಿದಳು. ಕಟ್ಟಿದ್ದು ಯಾವುದನ್ನೂ ಚಿಕ್ಕಪ್ಪ ಬಿಚ್ಚಬಾರದು ಎಂದಳು. ಎತ್ತಿನ ಹಗ್ಗ ಬಿಚ್ಚುವುದೂ ನನ್ನ ಅವ್ವನ ಪಾಲಿಗೆ ಬಂತು. ಚಿಕ್ಕಪ್ಪ ತನ್ನ ಪಂಚೆ ಹಿಡಿದುಕೊಂಡು "ಇದುನ್ನಾದ್ರೂ ಬಿಚ್ಚಬೌದಾ, ಇಲ್ಲ ಎರಿಗೆ ಆಗೋಗಂಟ ಇಂಗೇ ಇರ್ಬೇಕಾ?" ಎಂದು ಕೇಳಿ ಬೈಸಿಕೊಂಡ. ನಗುತ್ತಿದ್ದನೇ ಹೊರತು ಅವಳ ಮಾತನ್ನು ಮೀರಲಿಲ್ಲ. ಅವನಿಗೂ ಭಯವಿತ್ತು.

ಆ ಹೊತ್ತಿಗೇ ಜೀಪು ಏರಿ ಹತ್ತುವಾಗ ಉಸಿರು ಕಟ್ಟಿದಂತೆ ಮಾಡತೊಡಗಿತು. ಗುರುಗುಡುತ್ತ ಬಂದು ನಡು ಏರಿಯಲ್ಲಿ ತಡವರಿಸುವುದು, ಮತ್ತೆ ಹಿಡಿದುಕೊಳ್ಳುವುದು. ಡೀಸೆಲ್ಲಿನ ಕಸವನ್ನು ಸೋಸುವ ಫಿಲ್ಟ್ರು ಕಟ್ಟಿಕೊಂಡಿದೆ ಎಂದ ಚಿಕ್ಕಪ್ಪ, ಪೇಟೆಯಿಂದ ಹೊಸದನ್ನು ತಂದಿಟ್ಟ. ಮಳೆಗೆ ಮೊದಲು, ಚಿಕ್ಕಮ್ಮನ ದಿನಕ್ಕೆ ಮೊದಲು ಹಾಕಲೇಬೇಕಿತ್ತು. ಆದರೆ ಹಾಕಬೇಕೆಂದರೆ ಹಳೆಯದನ್ನು ಬಿಚ್ಚಬೇಕು. ಆ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಈ ಮಾತು ನಡೆಯಿತು.

"ಪೇಟೆ ಗ್ಯಾರೇಜಿಗೆ ಬುಟ್ಬುಡಾನ ಕಣಣ್ಣ," ಎಂದ ಚಿಕ್ಕಪ್ಪ.

"ಫಿಲ್ಟ್ರು ಹಾಕಕೆ ಗ್ಯಾರೇಜು ಯಾಕ್ಲಾ? ಮನೇಲಿ ನೀನಿಲ್ವಾ?" ಎಂದ ಅಪ್ಪ.

"ಅವನು ಮುಟ್ಟಂಗಿಲ್ಲ," ಎಂದಳು ಅಜ್ಜಿ ಒಳಗಿನಿಂದಲೇ.

"ನೋಡವ್ವ, ಬೋಲ್ಟಿಗೂ ಬಸುರಿಗೂ ಏನ್ ಸಂಬಂದ?"

"ಸಂಬಂದ ನಿಂಗೆ ಗೊತ್ತಿದ್ರೆ ನೀನೇ ಬಿಚ್ಚು. ನಿನ್ ಎಡ್ತಿ ಬಸುರಿ ಅಲ್ವಲ್ಲ."

ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಈಗ ಯೋಚಿಸಿದರೆ ವಿಚಿತ್ರ ಎನ್ನಿಸುತ್ತದೆ. ಅಜ್ಜಿಯ ಕಟ್ಟಳೆಯನ್ನು ಮನೆಯಲ್ಲಿ ನಂಬದಿದ್ದವನು ಅವನೊಬ್ಬನೇ, ಅವಳ ಮಾತು ನಡೆಯುವಂತೆ ಮಾಡಿದವನೂ ಅವನೇ. ಚಿಕ್ಕಪ್ಪ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತ. ಕೆಲಸ ಗೊತ್ತಿದ್ದ ಕೈ ಮಡಿಲಲ್ಲಿತ್ತು, ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು. ಇಂಜಿನ್ನಿನ ಪಕ್ಕದಲ್ಲಿ ಒಂದು ಮುಚ್ಚಳದಡಿ ಜೋತುಬಿದ್ದ ಕಬ್ಬಿಣದ ಬಟ್ಟಲು, ಅದರೊಳಗೆ ಫಿಲ್ಟ್ರು. ಬಟ್ಟಲಿನ ಅಂಚು ಮೇಲಿನ ಮುಚ್ಚಳಕ್ಕೆ ಕೂರುವ ಕಡೆ ಒಂದು ದುಂಡನೆಯ ತೋಡು, ಆ ತೋಡಿನೊಳಗೆ ರಬ್ಬರಿನ ರಿಂಗು. ಡೀಸೆಲ್ಲು ಹೊರಬರದ ಹಾಗೆ, ಗಾಳಿ ಒಳಹೋಗದ ಹಾಗೆ ತಡೆಯುವುದು ಆ ರಿಂಗು ಒಂದೇ. ಅದಿರುವುದು ಮುಚ್ಚಳದ ಅಡಿಯಲ್ಲಿ, ಕತ್ತಲಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಬೆರಳು ಹಾಕಿಯೇ ನೋಡಬೇಕು.

"ಅಣ್ಣ, ನಡುವಿನ ಬೋಲ್ಟು ಬಿಚ್ಚು. ಬಟ್ಲ ಇಡ್ಕೊ, ಇಲ್ದಿದ್ರೆ ಕಾಲ್ಮೇಲೆ ಬೀಳ್ತದೆ."

"ಗೊತ್ತು ಕಣ್ಲಾ."

"ಗೊತ್ತಿದ್ರೆ ಪಂಚೆ ಎತ್ಕಟ್ಟು. ಡೀಸೆಲ್ ಸುರ್ದ್ರೆ ಅತ್ಗೆ ಪಂಚೆ ಒಗೆಯಕಿಲ್ಲ, ನಿನ್ನೇ ಒಗೀತಾಳೆ."

ಅವ್ವ ಬಾಗಿಲಲ್ಲಿ ನಿಂತು ನಕ್ಕಳು. ಬಟ್ಟಲು ಕೈಗೆ ಬಂತು. ಕಪ್ಪು ನೀರು, ಅದರಡಿ ಗಸಿ. ಹಳೆಯ ಫಿಲ್ಟ್ರು ಸುಟ್ಟ ಬದನೆಕಾಯಿಯಂತೆ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿತ್ತು.

"ಈಗ ಮ್ಯಾಲೆ ಬೆರಳಾಕಿ ನೋಡು."

"ಏನ್ಲಾ ನೋಡದು?"

"ನೋಡು ಅಂದ್ರೆ… ಬೆರಳಿಗೇ ಗೊತ್ತಾಯ್ತದೆ ಅಣ್ಣ. ಸುತ್ತಾ ನುಣ್ಣಗಿರ್ಬೇಕು, ಕಸ ಇರ್ಬಾರ್ದು."

ಅಪ್ಪ ಬೆರಳಾಡಿಸಿದ. "ನುಣ್ಣಗೇ ಅದೆ," ಎಂದ.

ಈ ಎರಡು ಮಾತುಗಳ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಮುಂದೆ ಅವರಿಬ್ಬರೂ ಬೇರೆ ಬೇರೆಯಾಗಿ ಇವನ್ನೇ ನನಗೆ ಹೇಳಿದ್ದಾರೆ. ಹಳೆಯ ರಿಂಗು ಬಂತಾ ಎಂದು ಚಿಕ್ಕಪ್ಪ ಕೇಳಿದನೇ? ಗೊತ್ತಿಲ್ಲ. ಪೇಪರಿನ ಮೇಲಿದ್ದ ಹಳೆಯ ಸಾಮಾನನ್ನು ನೆನಪಿಸಿಕೊಳ್ಳುತ್ತೇನೆ: ಫಿಲ್ಟ್ರು, ಬೋಲ್ಟಿನ ತಾಮ್ರದ ಬಿಲ್ಲೆ, ಒಂದು ಸ್ಪ್ರಿಂಗು. ರಿಂಗು ಕಾಣುವುದಿಲ್ಲ. ಆದರೆ ಕಾಣದಿರುವುದನ್ನು ನೆನಪು ಎನ್ನಬಹುದೇ? ಅಷ್ಟರಲ್ಲಿ ಚಿಕ್ಕಮ್ಮ ವಾಸನೆಗೆ ಓಕರಿಸುತ್ತ ಹೊರಗೆ ಬಂದಳು, ಎಲ್ಲರೂ ಅವಳ ಕಡೆ ತಿರುಗಿದರು. ಮತ್ತೆ ನೋಡುವಾಗ ಅಪ್ಪ ಹೊಸ ರಿಂಗು ಕೂರಿಸಿ ಬಟ್ಟಲನ್ನು ಮೇಲಕ್ಕೆ ಒತ್ತಿ ಬೋಲ್ಟು ತಿರುಗಿಸುತ್ತಿದ್ದ.

ಆಮೇಲೆ ಗಾಳಿ ತೆಗೆಯುವ ಕೆಲಸ. ಅದು ನನ್ನದು. ಪಂಪಿನ ಗುಂಡಿ ಒಳಗೆ ಸಂದಿಯಲ್ಲಿತ್ತು, ನನ್ನ ಕೈ ಚಿಕ್ಕದಾದ್ದರಿಂದ ಸಲೀಸಾಗಿ ಹೋಗುತ್ತಿತ್ತು. ನಾನು ಒತ್ತುತ್ತಿದ್ದೆ, ಅಪ್ಪ ಮೇಲಿನ ಸ್ಕ್ರೂ ಸಡಿಲಿಸಿ ನೋಡುತ್ತಿದ್ದ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಡೀಸೆಲ್ಲು. ಸ್ಕ್ರೂ ಬಿಗಿಯಾಯಿತು. ಜೀಪು ಕೆಮ್ಮಿ, ಕಪ್ಪು ಹೊಗೆ ಉಗುಳಿ, ನಿಂತ ಕಡೆಯೇ ನಡುಗತೊಡಗಿತು.

"ಏನವ್ವಾ, ಈಗ?" ಎಂದು ಅಪ್ಪ ಒಳಗೆ ಕೂಗಿದ.

"ಓಡ್ದಾಗ ನೋಡಾನ ಬುಡು," ಎಂದಳು ಅಜ್ಜಿ. ಎಲ್ಲರೂ ಊಟಕ್ಕೆ ಎದ್ದರು. ನಾನು ಮೊದಲೇ ಹೇಳಿದ ಆ ಕೈ ಬಾನೆಟ್ಟಿನೊಳಗೆ ಇಳಿದಿದ್ದರೆ, ಅದು ಈ ಹೊತ್ತಿನಲ್ಲಿ.

ಮಾರನೆಯ ಬೆಳಿಗ್ಗೆ ಜೀಪಿನ ಕೆಳಗೆ ಕಲೆ ಇತ್ತು. ಅಂಗೈಯಗಲದ ಕಪ್ಪು ಕಲೆ. ಅವ್ವ ಸಗಣಿ ಹಾಕಿ ಸಾರಿಸಿದಳು. ಅದರ ಮಾರನೆಯ ದಿನ ಮತ್ತೆ ಅಲ್ಲೇ ಇತ್ತು, ಸ್ವಲ್ಪ ದೊಡ್ಡದಾಗಿ. ಸಾರಿಸಿದಷ್ಟೂ ಬಂತು. ಕೋಳಿಗಳು ಅದನ್ನು ಬಳಸಿ ಹೋಗುತ್ತಿದ್ದವು. ಸಾರಿಸಿದ ಹಸಿರು ನೆಲದ ನಡುವೆ ಅದು ಒಳಗಿನಿಂದ ಮೇಲೆ ಬರುತ್ತಿರುವಂತೆ ಕಾಣುತ್ತಿತ್ತು. ನಾನು ಶಾಲೆಗೆ ಹೋಗುವ ಮೊದಲು ಅದನ್ನು ನೋಡಿ ಹೋಗುತ್ತಿದ್ದೆ, ಯಾಕೆಂದು ನನಗೇ ಗೊತ್ತಿರಲಿಲ್ಲ. ಡೀಸೆಲ್ಲಿನ ವಾಸನೆ ಒಳಗೂ ಬಂತು. ಚಿಕ್ಕಮ್ಮನ ಹಾಸಿಗೆಯನ್ನು ಪಡಸಾಲೆಯಿಂದ ತೆಗೆದು ಒಳಗಿನ ಕತ್ತಲ ಕೋಣೆಗೆ, ರಾಗಿಯ ವಾಡೆಯ ಪಕ್ಕಕ್ಕೆ ಹಾಕಿದರು. ಅಜ್ಜಿ ಕಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು.

"ನೆಲ ಅಳ್ತಾ ಅದೆ," ಎಂದಳು ಒಂದು ದಿನ.

ಚಿಕ್ಕಪ್ಪ ಆ ವಾರವೆಲ್ಲ ತಮಾಷೆ ಮಾಡಲಿಲ್ಲ. ಜೀಪಿನ ಹತ್ತಿರ ಹೋದರೆ ಅಜ್ಜಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಶನಿವಾರ ಅಪ್ಪ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಅಣ್ಣ, ಸೋರ್ತಾ ಅದೆ. ಬಟ್ಲು ಒಂದಪ ಬಿಚ್ಚಿ ನೋಡು."

ಅಪ್ಪ ಬಗ್ಗಿದ್ದ. ಬಗ್ಗಿದ್ದವನು ಕಲೆಗೆ ಬೆರಳಿಟ್ಟಿದ್ದ. ಅಷ್ಟರಲ್ಲಿ ಅಜ್ಜಿ ಹಿಂದಿನಿಂದ ಹೇಳಿದಳು:

"ಅದು ಸೋರಾದಲ್ಲ ಕಣ್ಲಾ, ಸೂಚ್ನೆ. ಈ ಗಾಡೀಲಿ ಅವಳ್ನ ಕರ್ಕೋಗ್ಬ್ಯಾಡಿ."

ಅಪ್ಪ ನೆಟ್ಟಗಾದ. ಬೆರಳನ್ನು ಮೂಸಿ ಅವಳ ಮುಖದ ಮುಂದೆ ಹಿಡಿದ.

"ಸೂಚ್ನೆಯಲ್ಲ ಅವ್ವ, ಡೀಸೆಲ್ಲು. ಅವತ್ತು ಚೆಲ್ಲಿದ್ದು ಸಂದೀಲಿ ನಿಂತದೆ, ಇಳೀತಾ ಅದೆ. ಅಷ್ಟೇಯ."

ಅದು ಡೀಸೆಲ್ಲು ಎಂಬುದು ನಿಜವೇ. ಅದು ದಿನದಿನವೂ ಯಾಕೆ ಹೆಚ್ಚುತ್ತಿದೆ ಎಂದು ಮಾತ್ರ ಅವನು ಕೇಳಲಿಲ್ಲ. ಅಜ್ಜಿ ಅದನ್ನು ಸೂಚನೆ ಎನ್ನದೆ ಹೋಗಿದ್ದರೆ ಕೇಳುತ್ತಿದ್ದ ಎಂದು ನನ್ನ ನಂಬಿಕೆ. ಅವಳು ಕಲೆಯನ್ನು ಸರಿಯಾಗಿಯೇ ಹೆದರಿ ನೋಡಿದಳು, ತಪ್ಪು ಹೆಸರಿಟ್ಟಳು. ಅವನು ಸರಿಯಾದ ಹೆಸರಿಟ್ಟು ನೋಡುವುದನ್ನು ಬಿಟ್ಟ. ಯಾವುದನ್ನೂ ಪೂರ್ತಿ ನಂಬಲಾಗದ, ನಂಬದೆಯೂ ನೆಮ್ಮದಿಯಾಗಿರಲಾಗದ ನನ್ನ ಸ್ವಭಾವ ಆ ಅಂಗಳದಲ್ಲೇ ಹುಟ್ಟಿತು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಇದೂ ಆಮೇಲೆ ಕಟ್ಟಿಕೊಂಡ ಕತೆಯೇ ಇರಬಹುದು.

ನೋವು ಕಾಣಿಸಿಕೊಂಡದ್ದು ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ. ಶಾಲೆಗೆ ರಜೆ ಇದ್ದುದರಿಂದ ಅಪ್ಪ ಮನೆಯಲ್ಲಿದ್ದ. ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಚಿಕ್ಕಮ್ಮ ಒರಗಿದ್ದಳು. ಚಿಕ್ಕಪ್ಪ ಸ್ಟೀರಿಂಗು ಹಿಡಿದ, ಪಕ್ಕದಲ್ಲಿ ಅಪ್ಪ. ಅಪ್ಪ ನನ್ನನ್ನೂ ಹತ್ತಿಸಿಕೊಂಡ, ಬೇಕಾದರೆ ಪಂಪು ಒತ್ತಲು ಇರಲಿ ಎಂದು. ಹಾಗೆ ಹತ್ತಿಸಿಕೊಂಡನೆಂದರೆ ಅವನಿಗೂ ಒಳಗೆ ಅನುಮಾನವಿತ್ತೇ? ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅವಳು ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಜೀಪು ಏರಿಯ ಬುಡದವರೆಗೂ ಚೆನ್ನಾಗಿ ಬಂತು. ಚಿಕ್ಕಪ್ಪ ಗಿಡ್ಡ ಕೋಲು ಎಳೆದ. ನಡು ಏರಿಯಲ್ಲಿ ಇಂಜಿನ್ನು ಒಂದು ಸಲ ತಡವರಿಸಿತು, ಇನ್ನೊಂದು ಸಲ ತಡವರಿಸಿತು, ನಿಂತಿತು. ಮಳೆಯ ಸದ್ದು ಮಾತ್ರ ಉಳಿಯಿತು. ಚಿಕ್ಕಪ್ಪ ಗಾಲಿಗೆ ಕಲ್ಲು ಕೊಟ್ಟು ಬಾನೆಟ್ಟು ಎತ್ತಿದ. ಬಟ್ಟಲಿನ ಅಂಚಿನಿಂದ ಡೀಸೆಲ್ಲು ಸಣ್ಣಗೆ ಇಳಿಯುತ್ತಿತ್ತು. ಅವನ ಕೈ ಮುಂದಕ್ಕೆ ಹೋಯಿತು. ಹಿಂದಿನಿಂದ ಅವ್ವ ಕಿರುಚಿದಳು:

"ಮುಟ್ಬ್ಯಾಡ ಸಿದ್ದ! ಈ ಒತ್ನಲ್ಲಿ ಮುಟ್ಬ್ಯಾಡ ಕಣಪ್ಪ!"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಅವು ಎಲ್ಲಿ ತಾವಾಗಿ ಹೋಗಿಬಿಡುತ್ತವೋ ಎನ್ನುವಂತೆ ಬಿಗಿಹಿಡಿದು ಮಳೆಯಲ್ಲಿ ನಿಂತ. ಅಪ್ಪ ಬೋಲ್ಟು ಬಿಗಿ ಮಾಡಿದ. ಬಿಗಿ ಮಾಡಿದಷ್ಟೂ ಹೆಚ್ಚು ಸೋರಿತು. ನಾನು ಪಂಪು ಒತ್ತಿದೆ. ಒತ್ತಿದ್ದೆಲ್ಲ ನನ್ನ ಮುಂಗೈ ಮೇಲೆ ಚಿಮ್ಮಿ ಇಳಿಯಿತು. ಜೀಪು ಒಂದು ಮಾರು ಹೋಯಿತು, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಒಂದು ಮಾರು.

"ಏನಾಗ್ಯದ್ಲಾ ಸಿದ್ದ? ಯೋಳ್ಲಾ!" ಎಂದು ಅಪ್ಪ ಕೂಗಿದ.

"ಬೆರಳಾಕ್ದೆ ಎಂಗ್ ಯೋಳ್ಲಿ ಅಣ್ಣ!"

ಒಳಗೆ ಚಿಕ್ಕಮ್ಮ ಕೂಗುವುದನ್ನು ನಿಲ್ಲಿಸಿದ್ದಳು. ಬಹಳ ಹೊತ್ತಿನ ಮೇಲೆ, ಅಥವಾ ನನಗೆ ಬಹಳ ಹೊತ್ತು ಎನ್ನಿಸಿದ ಮೇಲೆ, ಊರಿನ ಬೋರಣ್ಣನ ಟ್ರಾಕ್ಟರು ಹಿಂದಿನಿಂದ ಬಂತು. ಟ್ರೈಲರಿನಲ್ಲಿ ಒದ್ದೆ ಕಬ್ಬಿನ ಸೋಗೆ. ಅದರ ಮೇಲೆ ಅವಳನ್ನು ಮಲಗಿಸಿ ತಾಡಪಾಲು ಹಿಡಿದುಕೊಂಡು ಪೇಟೆಯ ಆಸ್ಪತ್ರೆಗೆ ಹೋದರು. ನನ್ನನ್ನು ಜೀಪಿನಲ್ಲೇ ಬಿಟ್ಟರು. ಚಿಕ್ಕಮ್ಮ ಉಳಿದಳು. ಮಗು ಹೆಣ್ಣು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಅಲ್ಲಿನವರು ಹೇಳಿದರಂತೆ.

ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಅಂಗಳದಲ್ಲೇ ಚಿಕ್ಕಪ್ಪನನ್ನು ನಿಲ್ಲಿಸಿಕೊಂಡಳು.

"ಅವತ್ತು ಎಲ್ಲಾ ಉಣ್ಣಕ್ ಕೂತಾಗ ನೀನ್ ಎಲ್ರಿಗಿಂತ ಇಂದೆ ಒಳಕ್ ಬಂದೆ. ಮುಟ್ಟಿದ್ಯಾ ಇಲ್ವಾ?"

ಚಿಕ್ಕಪ್ಪ ಅಪ್ಪನ ಮುಖ ನೋಡಿದ. ಅಣ್ಣ ಇದು ಮೂಢನಂಬಿಕೆ ಎಂದು ಈಗ ಹೇಳುತ್ತಾನೆ ಎಂದು ಅವನೂ ಕಾದಿರಬೇಕು, ನಾನೂ ಕಾದಿದ್ದೆ. ಅಪ್ಪ ನೆಲ ನೋಡುತ್ತ ಹೇಳಿದ:

"ನಾನು ಸರ್ಯಾಗೇ ಹಾಕಿದ್ದೆ. ಆಮ್ಯಾಲೆ ಯಾರಾದ್ರೂ ತಿರುಗ್ಸಿದ್ರೆ…"

ಆ ಅರ್ಧ ಮಾತು ಸಾಕಾಯಿತು. ಮಳೆಗಾಲ ಮುಗಿಯುವ ಮೊದಲೇ ಅಡುಗೆಮನೆಯಲ್ಲಿ ಎರಡನೆಯ ಒಲೆ ಹೂಡಿದರು, ಸುಗ್ಗಿಯ ಹೊತ್ತಿಗೆ ಚಿಕ್ಕಪ್ಪ ಚಿಕ್ಕಮ್ಮ ಪಾಂಡವಪುರದಲ್ಲಿ ಅವಳ ತವರಿನ ಪಕ್ಕ ಮನೆ ಮಾಡಿದರು. ಪಾಲಿನಲ್ಲಿ ಏನು ಬೇಕೆಂದು ಕೇಳಿದಾಗ ಚಿಕ್ಕಪ್ಪ ಕೇಳಿದ್ದು ಆ ಸತ್ತ ಜೀಪನ್ನು. ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋದ. ಅಪ್ಪ ಆಮೇಲೆ ಊಟದ ಹೊತ್ತಿನಲ್ಲಿ ಗ್ರಹಣದ ಮಾತಾಡಲಿಲ್ಲ. ಅಂಗಳದ ಕಲೆಯನ್ನು ಅವ್ವ ಬಹಳ ದಿನ ಸಾರಿಸಿದಳು. ಅದು ಹೋಯಿತೋ, ನಾವು ನೋಡುವುದನ್ನು ಬಿಟ್ಟೆವೋ.

ಅಪ್ಪ ತೀರಿಕೊಂಡದ್ದು ಈಚೆಗೆ, ಶ್ರೀರಂಗಪಟ್ಟಣದ ನನ್ನ ಮನೆಯಲ್ಲಿ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ಚಿಕ್ಕಪ್ಪ ಬಂದು ಮಂಡಿಯುದ್ದ ನೀರಿನಲ್ಲಿ ನನ್ನ ಪಕ್ಕ ನಿಂತಿದ್ದ. ಅದಾಗಿ ಕೆಲವು ತಿಂಗಳ ಮೇಲೆ ಪಾಂಡವಪುರಕ್ಕೆ ಹೋದೆ. ಜೀಪು ಹಿತ್ತಲಲ್ಲಿತ್ತು, ಗಾಲಿಗಳು ನೆಲಕ್ಕೆ ಇಳಿದು, ಒಳಗೆ ಕೋಳಿಗಳು ಮೊಟ್ಟೆ ಇಟ್ಟುಕೊಂಡು.

"ಚಿಕ್ಕಪ್ಪ, ಅವತ್ತು ನೀನು ಮುಟ್ಟಿದ್ಯಾ?"

"ಇಷ್ಟ್ ಓದಿ, ಇದ್ನಾ ಕೇಳಕ್ ಬಂದಿದ್ದು?" ಎಂದು ನಕ್ಕ. ಅದೇ ಹಳೆಯ ನಗು.

"ಹೋಗ್ಲಿ, ಇಷ್ಟು ವರ್ಷ ಇಲ್ಲೇ ನಿಂತಿದೆಯಲ್ಲ. ಬಟ್ಟಲು ಬಿಚ್ಚಿ ನೋಡ್ಲಿಲ್ವಾ?"

"ಬಿಚ್ಚುದ್ರೆ ಗೊತ್ತಾಗ್ಬುಡ್ತದಲ್ಲ ಮಗ."

"ಏನು?"

"ಯಾರ್ ತಪ್ಪು ಅಂತ. ನಮ್ಮಣ್ಣ ಇನ್ನೂ ಬದುಕಿದ್ದ."

ಕಾಫಿ ಲೋಟ ಹಿಡಿದು ಬಂದ ಚಿಕ್ಕಮ್ಮ ಇದನ್ನು ಕೇಳಿಸಿಕೊಂಡಳು. ಲೋಟಗಳನ್ನು ಜೀಪಿನ ಮೂತಿಯ ಮೇಲೆ ಇಟ್ಟಳು.

"ಈಗಿಲ್ವಲ್ಲ. ಬಿಚ್ಚಲಾ ಮಗ. ಅಣ್ಣ ತಮ್ಮಂದೇ ಆಗೋಯ್ತು ಇಷ್ಟ್ ದಿನ. ಎತ್ತೋಳು ನಾನು. ನಾನೂ ನೋಡ್ಬೇಕು."

ಚಿಕ್ಕಪ್ಪ ಒಳಗೆ ಹೋಗಿ ಬೋಲ್ಟು ತಿರುಗಿಸುವ ಪಾನ ತಂದು ಕೊಟ್ಟ. ತಾನು ಮುಟ್ಟಲಿಲ್ಲ. ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದು ಕೂತು, ಮತ್ತೆ ತಿರುಗಿಸಿದ ಮೇಲೆ ಕಿರ್ರೆಂದು ಜಗ್ಗಿತು. ಬಟ್ಟಲಿನಲ್ಲಿದ್ದದ್ದು ಡಾಂಬರಿನಂತೆ ಗಟ್ಟಿಯಾಗಿತ್ತು. ಬಟ್ಟಲಿನ ಅಂಚಿಗೆ ಅಂಟಿಕೊಂಡು ಒಂದು ರಿಂಗು ಬಂತು, ಅಪ್ಪ ಅಂದು ಹಾಕಿದ್ದು. ಮೇಲಿನ ತೋಡಿನೊಳಕ್ಕೆ ಬೆರಳು ಹಾಕಿ ಸುತ್ತಲೂ ಆಡಿಸಿದೆ. ನುಣ್ಣಗಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ.

"ಬರೀ ಬೆರಳಲ್ಲ, ಇದಾಕು," ಎಂದು ಚಿಕ್ಕಮ್ಮ ತನ್ನ ತುರುಬಿನ ಪಿನ್ನು ತೆಗೆದು ಕೊಟ್ಟಳು.

ಪಿನ್ನಿನಿಂದ ಮೀಟಿದೆ. ನುಣ್ಣಗಿದ್ದದ್ದು ಎದ್ದು ಬಂತು. ಚಪ್ಪಟೆಯಾಗಿ, ಗಟ್ಟಿಯಾಗಿ, ಕಬ್ಬಿಣದ ಬಣ್ಣಕ್ಕೇ ತಿರುಗಿ, ಹೊಸ ರಿಂಗನ್ನು ಸರಿಯಾಗಿ ಕೂರಗೊಡದೆ ಅಲ್ಲೇ ಉಳಿದಿದ್ದ ಹಳೆಯ ರಬ್ಬರು ತುಂಡು ತುಂಡಾಗಿ ಅವಳ ಅಂಗೈ ಮೇಲೆ ಬಿತ್ತು. ಅವಳು ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ದುಂಡಗೆ ಜೋಡಿಸಿದಳು. ಅದರ ಪಕ್ಕದಲ್ಲಿ ಬಟ್ಟಲಿನಿಂದ ಬಂದ ಇನ್ನೊಂದನ್ನು ಇಟ್ಟಳು. ಚಿಕ್ಕಪ್ಪ ಬಗ್ಗಿ ನೋಡಿದ, ಆಮೇಲೆ ಕೋಳಿಗಳ ಕಡೆ ತಿರುಗಿಕೊಂಡ. ಅವನು ಆ ಮಧ್ಯಾಹ್ನ ಜೀಪನ್ನು ಮುಟ್ಟಿದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಒಂದಿರಬೇಕಾದ ಕಡೆ ರಿಂಗು ಎರಡಿದ್ದವು.